ಗದಗಿನ ಪ್ರೆಸ್ಸಿಗೆ ವೈಫೈ, ಕೇಬಲ್ಲು, ಫೈಬರು

ನಿಮ್ಮ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಮುಂದೆ ಆಫೀಸು, ಹಿಂದೆ ಮಷಿನ್ ರೂಮು, ರಸ್ತೆಯಾಚೆ ಗೋಡೌನು. ಮೂರನ್ನೂ ಒಂದೇ ನೆಟ್‌ವರ್ಕಿಗೆ ಹೇಗೆ ಜೋಡಿಸಲಿ ಅಂತ ಕೇಳಿದ್ದೀರಿ.

ಖರ್ಚು ನೋಡಿದರೆ ವೈಫೈ ಸಲೀಸು. ಮೊಬೈಲಿಗೆ, ಬಿಲ್ಲಿಂಗಿಗೆ ಸಾಕು. ಆದರೆ ಹಳೇ ದಪ್ಪ ಗೋಡೆ ದಾಟುವಾಗ ವೈಫೈನ 5 ಗಿಗಾಹರ್ಟ್ಸ್ ಸಿಗ್ನಲ್ ಬೇಗ ಸೊರಗುತ್ತದೆ. 2.4 ಗಿಗಾಹರ್ಟ್ಸಿನದು ಸ್ವಲ್ಪ ದೂರ ಹೋಗುತ್ತದೆ, ವೇಗ ಕಡಿಮೆ.

ಲಗ್ನಪತ್ರಿಕೆಯ ದೊಡ್ಡ ಫೈಲು ಮಷಿನ್ ರೂಮಿಗೆ ಸರಾಗವಾಗಿ ಹೋಗಬೇಕಲ್ವಾ? ಅಲ್ಲಿ ನನ್ನ ಮತ ಕ್ಯಾಟ್ 6 ಅನ್ನುವ ತಾಮ್ರದ ನೆಟ್‌ವರ್ಕ್ ಕೇಬಲ್ಲಿಗೇ. ಸೆಕೆಂಡಿಗೆ 1 ಗಿಗಾಬಿಟ್ ಆರಾಮಾಗಿ ಸಿಗುತ್ತದೆ. ತುದಿಯ ಎಂಟು ಬಣ್ಣದ ತಂತಿಗಳು ಎರಡೂ ಕಡೆ ಒಂದೇ ಕ್ರಮದಲ್ಲಿ ಕೂತಿವೆಯಾ ನೋಡಿ. ಒಂದು ಅದಲುಬದಲಾದರೂ ಲಿಂಕ್ ಕೈಕೊಡುತ್ತದೆ. ಈ ಕೇಬಲ್ಲಿನ ಉದ್ದದ ಮಿತಿ 100 ಮೀಟರ್.

ಗೋಡೌನು ಅದಕ್ಕಿಂತ ದೂರವಿದ್ದರೆ ಫೈಬರ್, ಅಂದರೆ ಬೆಳಕಿನಲ್ಲಿ ಡೇಟಾ ಸಾಗಿಸುವ ಗಾಜಿನ ಎಳೆಯ ಕೇಬಲ್ಲು. ಖರ್ಚು ಜಾಸ್ತಿ, ತುಂಡಾದರೆ ಬೆಸೆಯಲು ಸ್ಪ್ಲೈಸಿಂಗ್ ಮಷಿನ್ ಇದ್ದವರೇ ಬರಬೇಕು. ಆದರೆ ಗಾಜಿನ ಎಳೆಯಲ್ಲಿ ಕರೆಂಟು ಹರಿಯುವುದಿಲ್ಲ. ಸಿಡಿಲಿನ ಹೊಡೆತ ಅದರ ಮೂಲಕ ನೆಟ್‌ವರ್ಕ್ ಸ್ವಿಚ್ಚಿಗೆ (ಕೇಬಲ್ಲುಗಳೆಲ್ಲ ಬಂದು ಸೇರುವ ಪೆಟ್ಟಿಗೆಗೆ) ಬರುವುದಿಲ್ಲ.