ಕಾರವಾರದಲ್ಲಿ ಪಾಸು, ಶಿರಸಿಯಲ್ಲಿ ಫೇಲು: ಓಡಿದರೆ ಬರುವ ದಮ್ಮಿಗೆ ಯಾವ ಟೆಸ್ಟು?

ಕಾರವಾರದ ಟ್ಯಾಗೋರ್ ಬೀಚಿನಲ್ಲಿ ಐದು ಕಿಲೋಮೀಟರ್ ಓಡಿದರೂ ನನಗೆ ಏನೂ ಆಗುವುದಿಲ್ಲ. ಬೆವರು ಹರಿಯುತ್ತದೆ, ಅಷ್ಟೇ. ಡಿಸೆಂಬರಿನಲ್ಲಿ ಶಿರಸಿಯ ಮನೆಗೆ ಹೋದಾಗ ಬೇರೆಯೇ ಕಥೆ. ಬೆಳಿಗ್ಗೆ ಆರಕ್ಕೆ ಬನವಾಸಿ ರಸ್ತೆಯಲ್ಲಿ ಎರಡು ಕಿಲೋಮೀಟರ್ ಓಡಿ ಬಂದು ಜಗಲಿ ಮೇಲೆ ಕೂತರೆ, ಐದು ನಿಮಿಷಕ್ಕೆ ಕೆಮ್ಮು ಶುರು. ಎದೆ ಬಿಗಿ. ಉಸಿರು ಬಿಡುವಾಗ ಸೀಟಿ. ಓಡುವಾಗ ಇಲ್ಲದ್ದು ಕೂತ ಮೇಲೆ ಬರುತ್ತದೆ. ಆಯಿ ಒಳಗಿಂದಲೇ "ಎಂತ ಆತೋ ತಮಾ?" ಅಂತ ಕೇಳಿ ಕಷಾಯ ತಂದಿಡುತ್ತಾಳೆ. ಅರ್ಧ ಮುಕ್ಕಾಲು ಗಂಟೆಯಲ್ಲಿ ಅದು ತಾನಾಗಿಯೇ ಇಳಿಯುತ್ತದೆ, ಹೆಸರು ಕಷಾಯಕ್ಕೆ ಬರುತ್ತದೆ.

ಇದು ಓಡಿದಾಗ ಮಾತ್ರ ಬರುವ ದಮ್ಮು, ಅಂದರೆ ಆಸ್ತಮಾ, ಅಂತ ತಿಳಿಯಲು ಒಂದು ವರ್ಷ ಹಿಡಿಯಿತು. ಆ ಒಂದು ವರ್ಷದಲ್ಲಿ ಮೂರು ಥರದ ಪರೀಕ್ಷೆ ಮಾಡಿ ನೋಡಿದೆ.

ಮೊದಲನೆಯದು ಸ್ಪೈರೋಮೆಟ್ರಿ. ಎಲ್ಲರಿಗೂ ಮೊದಲು ಇದನ್ನೇ ಬರೆದುಕೊಡುತ್ತಾರೆ. ಮೂಗಿಗೆ ಕ್ಲಿಪ್ಪು, ಬಾಯಿಗೆ ಕೊಳವೆ. ಎದೆ ತುಂಬ ಗಾಳಿ ಎಳೆದು ಒಂದೇ ರಭಸಕ್ಕೆ ಊದಬೇಕು. ಪಕ್ಕದಲ್ಲಿ ನಿಂತ ಹುಡುಗಿ "ಊದಿ ಊದಿ ಊದಿ, ಇನ್ನೂ ಇನ್ನೂ" ಅಂತ ಕೂಗುತ್ತಿರುತ್ತಾಳೆ. ಮೊದಲ ಸೆಕೆಂಡಿನಲ್ಲಿ ಎಷ್ಟು ಗಾಳಿ ಹೊರಬಿತ್ತು ಅನ್ನುವುದೇ ಮುಖ್ಯ ಲೆಕ್ಕ. ಅದಕ್ಕೆ ಎಫ್‌ಇವಿ1 ಅಂತಾರೆ. ನನ್ನದು 3.2 ಲೀಟರ್. ಆಮೇಲೆ ಶ್ವಾಸನಾಳ ಸಡಿಲಿಸುವ ಸಾಲ್ಬುಟಮಾಲ್ ಇನ್ಹೇಲರ್ ನಾಲ್ಕು ಸಲ ಎಳೆಸಿ, 15 ನಿಮಿಷ ಕೂರಿಸಿ, ಮತ್ತೆ ಊದಿಸಿದರು. ದಮ್ಮು ಇದ್ದವರಿಗೆ ಆ ಲೆಕ್ಕ 12 ಶೇಕಡಾ, ಜೊತೆಗೆ 200 ಮಿಲಿಲೀಟರ್ ಏರಿದರೆ ಅದು ದೊಡ್ಡ ಸುಳಿವು. ನನಗೆ ಏರಿದ್ದು ಬರೀ ಮೂರು ಶೇಕಡಾ. ರಿಪೋರ್ಟು ನಾರ್ಮಲ್. "ಗ್ಯಾಸ್ಟ್ರಿಕ್ ಇರಬೇಕು" ಅಂತ ಮಾತ್ರೆ ಕೊಟ್ಟು ಕಳಿಸಿದರು. ತಿಂಗಳುಗಟ್ಟಲೆ ನುಂಗಿದೆ.

ಟೆಸ್ಟು ಸುಳ್ಳು ಹೇಳಲಿಲ್ಲ, ಕೇಳಿದ ಪ್ರಶ್ನೆಯೇ ತಪ್ಪು. ಸುಮ್ನೆ ಕುರ್ಚಿಯಲ್ಲಿ ಕೂತಾಗ ನನ್ನ ಶ್ವಾಸನಾಳ ಚೆನ್ನಾಗಿಯೇ ಇರುತ್ತದೆ. ಓಡಿದಾಗ ಮಾತ್ರ ಕೆಡುವುದನ್ನು ಕೂರಿಸಿ ಹುಡುಕಿದರೆ ಸಿಗುತ್ತದಾ?

ಎರಡನೆಯದು ಪೀಕ್ ಫ್ಲೋ ಮೀಟರ್. ಮೆಡಿಕಲ್ ಶಾಪಿನಲ್ಲಿ ಐನೂರರ ಒಳಗೆ ಸಿಕ್ಕಿತು. ಪ್ಲಾಸ್ಟಿಕ್ ಕೊಳವೆ, ಊದಿದ ರಭಸಕ್ಕೆ ತಕ್ಕಂತೆ ಮುಳ್ಳು ಮುಂದೆ ಜರುಗುತ್ತದೆ, ಲೆಕ್ಕ ನಿಮಿಷಕ್ಕೆ ಇಷ್ಟು ಲೀಟರ್ ಅಂತ. ಮೂರು ಸಲ ಊದಿ ಜಾಸ್ತಿ ಬಂದದ್ದನ್ನು ಬರೆದಿಡಬೇಕು. ಬೀಚಿನಲ್ಲಿ ಓಡುವ ಮೊದಲು 480, ಓಡಿ ಹತ್ತು ನಿಮಿಷದ ಮೇಲೆ 470. ಶಿರಸಿಯಲ್ಲಿ ಮೊದಲು 480, ಆಮೇಲೆ 400! ಜಗಲಿಯಲ್ಲಿ ಟಾರ್ಚ್ ಹಿಡಿದು ಆ ಮುಳ್ಳನ್ನು ಮೂರು ಸಲ ನೋಡಿದೆ.

ಇದಕ್ಕೆ ಕಾರಣ ಗಾಳಿ. ಓಡುವಾಗ ಬಾಯಲ್ಲಿ ರಭಸವಾಗಿ ಉಸಿರಾಡುತ್ತೇವೆ. ಮೂಗು ಬೆಚ್ಚಗೆ, ತೇವ ಮಾಡಿ ಕಳಿಸಬೇಕಾದ ಗಾಳಿ ತಂಪಾಗಿ, ಒಣಗಿ ಒಳಗೆ ಹೋಗುತ್ತದೆ. ನಾಳದ ಒಳಪದರದ ನೀರು ಆರುತ್ತದೆ. ಆಗ ಅಲ್ಲಿನ ಜೀವಕೋಶಗಳು ಹಿಸ್ಟಮಿನ್‌ನಂಥ ರಾಸಾಯನಿಕ ಬಿಡುತ್ತವೆ, ಸುತ್ತಲಿನ ಸ್ನಾಯು ಬಿಗಿಯುತ್ತದೆ. ಕಾರವಾರದಲ್ಲಿ ಒಣಗಲು ಹಾಕಿದ ಬಟ್ಟೆಯೇ ಎರಡು ದಿನ ಒಣಗುವುದಿಲ್ಲ, ಇನ್ನು ನನ್ನ ಶ್ವಾಸನಾಳ ಎಲ್ಲಿ ಒಣಗುತ್ತದೆ! ಘಟ್ಟದ ಮೇಲೆ ಚಳಿಗಾಲದ ಬೆಳಗಿನ ಗಾಳಿ ಹಾಗಲ್ಲ. ಅದಕ್ಕೇ ಕರಾವಳಿಯ ಮೈದಾನದಲ್ಲಿ ಓಡಿಸಿ "ಏನೂ ಇಲ್ಲ" ಅಂದರೆ ನಾನು ನಂಬುವುದಿಲ್ಲ.

ಮೀಟರಿನ ದೋಷ ಅಂದರೆ, ನೀವು ಎಷ್ಟು ಜೋರಾಗಿ ಊದುತ್ತೀರಿ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಸುಸ್ತಾದಾಗ ಊದುವುದೂ ಸುಸ್ತೇ. ಇದು ಡಾಕ್ಟರಿಗೆ ತೋರಿಸಲು ಒಳ್ಳೆಯ ಚೀಟಿ, ತೀರ್ಪಲ್ಲ. ಮಕ್ಕಳಿಗೆ ಮಾಡಿಸುವುದಾದರೆ ಡಾಕ್ಟರನ್ನು ಕೇಳದೆ, ಇನ್ಹೇಲರ್ ಕೈಯಲ್ಲಿ ಇಲ್ಲದೆ ಓಡಿಸಬೇಡಿ.

ಆ ಚೀಟಿ ನೋಡಿಯೇ ಹುಬ್ಬಳ್ಳಿಯ ಡಾಕ್ಟರು ಟ್ರೆಡ್‌ಮಿಲ್ ಟೆಸ್ಟು ಬರೆದರು. ಎದೆಗೆ ಇಸಿಜಿ ವೈರು, ಬೆರಳಿಗೆ ಆಕ್ಸಿಜನ್ ಕ್ಲಿಪ್ಪು, ಮೂಗಿಗೆ ಮತ್ತೊಂದು ಕ್ಲಿಪ್ಪು. ಎಸಿ ಕೋಣೆ, ಗಾಳಿ ಒಣ. ನಾಡಿಬಡಿತ ಅಂದಾಜು ಎಷ್ಟರವರೆಗೆ ಏರಬಹುದು ಅಂತ ತಿಳಿಯಲು 220ರಲ್ಲಿ ವಯಸ್ಸು ಕಳೆಯಬೇಕು, ನನಗೆ 36, ಅಂದರೆ 184. ಅದರ 85 ಶೇಕಡಾ, ಅಂದರೆ 156ಕ್ಕೆ ನಾಡಿಬಡಿತ ಎರಡು ಮೂರು ನಿಮಿಷದಲ್ಲೇ ಏರಬೇಕು. ಮೆಲ್ಲಗೆ ಮೈ ಬಿಸಿ ಮಾಡಿಕೊಳ್ಳಲು ಬಿಡುವುದೇ ಇಲ್ಲ. ಒಟ್ಟು ಆರರಿಂದ ಎಂಟು ನಿಮಿಷ. ಇಳಿದ ಮೇಲೆ 5, 10, 15, 30ನೇ ನಿಮಿಷಕ್ಕೆ ಊದಿಸುತ್ತಾರೆ. ಎಫ್‌ಇವಿ1 ಹತ್ತು ಶೇಕಡಾ ಅಥವಾ ಜಾಸ್ತಿ ಕುಸಿದರೆ ಪಾಸಿಟಿವ್.

ಮೊದಲ ಸಲ ನನ್ನದು ಕುಸಿದದ್ದು ಆರೇ ಶೇಕಡಾ. ಕಾರಣ ನಾನೇ. ಹಿಂದಿನ ರಾತ್ರಿ ಅಕ್ಕನ ಮನೆಯಲ್ಲಿ ಉಳಿದಿದ್ದೆ. "ಹೆಂಗೂ ಓಡಿಸ್ತಾರಲ್ಲ" ಅಂತ ಬೆಳಿಗ್ಗೆ ಉಣಕಲ್ ಕೆರೆ ದಂಡೆಯಲ್ಲಿ ಒಂದು ಸುತ್ತು ಓಡಿ, ಗಟ್ಟಿ ಚಹಾ ಕುಡಿದು ಹೋಗಿದ್ದೆ. ಒಮ್ಮೆ ಓಡಿದರೆ ಮುಂದಿನ ಎರಡು ಮೂರು ಗಂಟೆ ನಾಳ ಅಷ್ಟಾಗಿ ಬಿಗಿಯದೇ ಇರಬಹುದಂತೆ. ಚಹಾ ಕಾಫಿಯೂ ನಾಳವನ್ನು ಸ್ವಲ್ಪ ಸಡಿಲಿಸುತ್ತದೆ. ಅಪಾಯಿಂಟ್‌ಮೆಂಟ್ ಕೊಟ್ಟವರು ಇದನ್ನು ಒಂದು ಮಾತು ಹೇಳಬಾರದಿತ್ತಾ? ಮೂರು ವಾರ ಬಿಟ್ಟು ಮತ್ತೆ ಹೋದೆ. ಹತ್ತನೇ ನಿಮಿಷಕ್ಕೆ 3.2 ಇದ್ದದ್ದು 2.72. ಹದಿನೈದು ಶೇಕಡಾ ಕುಸಿತ. ಕೆಮ್ಮುತ್ತಲೇ ಖುಷಿಪಟ್ಟೆ.

ಮೆಥಕೋಲಿನ್ ಅನ್ನುವ ಔಷಧದ ಇನ್ನೊಂದು ಟೆಸ್ಟಿದೆ, ಅದನ್ನು ನಾನು ಮಾಡಿಸಿಲ್ಲ. ಔಷಧದ ಮಂಜನ್ನು ಸ್ವಲ್ಪ ಸ್ವಲ್ಪವೇ ಏರಿಸುತ್ತಾ ಎಳೆಸಿ, ಎಫ್‌ಇವಿ1 20 ಶೇಕಡಾ ಕುಸಿಯುತ್ತದಾ ಅಂತ ನೋಡುತ್ತಾರೆ. ಅದು ಸ್ನಾಯುವನ್ನು ನೇರವಾಗಿ ಕೆಣಕುತ್ತದೆ. "ದಮ್ಮು ಇಲ್ಲ" ಅನ್ನಲು ಒಳ್ಳೆಯದು, ಆದರೆ ಓಡಿದಾಗ ಮಾತ್ರ ಬರುವ ನನ್ನಂಥವರನ್ನು ತಪ್ಪಿಸಬಹುದು ಅಂತ ಡಾಕ್ಟರೇ ಬೇಡ ಅಂದರು. ಒಣ ಗಾಳಿಯನ್ನು ಆರು ನಿಮಿಷ ಜೋರಾಗಿ ಉಸಿರಾಡಿಸುವ ಇನ್ನೊಂದು ಪರೀಕ್ಷೆಯಿದೆ, ದೊಡ್ಡ ಕ್ರೀಡಾಪಟುಗಳಿಗೆ ಮಾಡುತ್ತಾರೆ. ನಮಗೆ ಅಷ್ಟು ಬೇಡ.

ನನ್ನ ಲೆಕ್ಕದಲ್ಲಿ ಟ್ರೆಡ್‌ಮಿಲ್ಲೇ ಮೊದಲು. ಹುಬ್ಬಳ್ಳಿಗೆ ಎರಡು ಸಲ ಬಸ್ಸು ಹತ್ತಿದ ಕಷ್ಟ ಸೇರಿಸಿದರೂ ಸರಿ. ಎರಡನೆಯದು ಶಿರಸಿಯ ಚಳಿಯಲ್ಲಿ ಊದಿದ ಆ ಪ್ಲಾಸ್ಟಿಕ್ ಕೊಳವೆ. ಒಂದು ವಿಷಯ ಮಾತ್ರ ಬೇರೆ ಇಡಿ: ಉಸಿರು ಒಳಗೆ ಎಳೆಯುವಾಗ ಗಂಟಲಲ್ಲಿ ಸದ್ದು ಬಂದು, ಓಟ ನಿಲ್ಲಿಸಿದ ಕೂಡಲೇ ಹೋದರೆ, ಅದು ಗಂಟಲಿನ ಧ್ವನಿತಂತುಗಳ ತೊಂದರೆ ಇರಬಹುದು. ಅದಕ್ಕೆ ಈ ದಾರಿಯೇ ಅಲ್ಲ.

ಟೆಸ್ಟು ಬುಕ್ ಮಾಡುವಾಗ ಫೋನಿನಲ್ಲೇ ಕೇಳಿಬಿಡಿ: ಇನ್ಹೇಲರ್ ಎಷ್ಟು ಗಂಟೆ ಮೊದಲು ನಿಲ್ಲಿಸಬೇಕು, ಮೂವತ್ತನೇ ನಿಮಿಷದವರೆಗೂ ಊದಿಸುತ್ತೀರಾ? ನನಗೆ ಎಂಟು ಗಂಟೆ ಅಂದಿದ್ದರು. ಬೆಳಿಗ್ಗೆ ಕೆರೆ ದಂಡೆಗಂತೂ ಹೋಗಬೇಡಿ.