ಕ್ಯಾಲಮೈನ್ ಲೋಷನ್: ಕಲಬುರಗಿ ಬಿಸಿಲಲ್ಲಿ ವರ್ಷಗಟ್ಟಲೆ ಬಳಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ಕ್ಯಾಲಮೈನ್ ಲೋಷನ್ ಯಾವ ಚರ್ಮರೋಗವನ್ನೂ ವಾಸಿ ಮಾಡುವುದಿಲ್ಲ. ವೈರಸ್ಸಿಗಂತೂ ಅದರಿಂದ ಏನೂ ಆಗುವುದಿಲ್ಲ. ಅದರ ಕೆಲಸ ಒಂದೇ, ತುರಿಕೆ ಮತ್ತು ಉರಿ ತಗ್ಗಿಸುವುದು. ಇಷ್ಟು ತಿಳಿದುಕೊಂಡು ತಂದರೆ ಮನೆಯ ಔಷಧಿ ಡಬ್ಬಿಯಲ್ಲಿ ಇದರಷ್ಟು ನಂಬಬಹುದಾದ ಬಾಟಲಿ ಇನ್ನೊಂದಿಲ್ಲ. ತಿಳಿಯದೆ ತಂದರೆ "ಎಷ್ಟು ಹಚ್ಚಿದರೂ ಗುಳ್ಳೆ ಹೋಗಲಿಲ್ಲ" ಅಂತ ಬೈದು ಮೂಲೆಗೆ ಇಡುತ್ತೀರಿ.

ನಮ್ಮ ಮನೆಯಲ್ಲಿ ಇದು ಮೊದಲು ಬಂದದ್ದು ಬೆವರುಸಾಲೆಗೆ. ಕಲಬುರಗಿಯ ಏಪ್ರಿಲ್, ಮೇ ಬಿಸಿಲು ಹೇಗಿರುತ್ತದೆ ಅಂತ ಇಲ್ಲಿನವರಿಗೆ ಹೇಳಬೇಕಾಗಿಲ್ಲ. 42, 43 ಡಿಗ್ರಿ ಅಂದರೆ ನಮಗೆ ಸುದ್ದಿಯೇ ಅಲ್ಲ. ಮಕ್ಕಳ ಕುತ್ತಿಗೆ, ಬೆನ್ನು, ಮೊಣಕೈ ಮಡಿಕೆ ಎಲ್ಲಾ ಕೆಂಪು ಕೆಂಪು. ಪೌಡರ್ ಸುರಿದರೆ ಬೆವರಿನ ಜೊತೆ ಸೇರಿ ಉಂಡೆ ಕಟ್ಟುತ್ತದೆ. ಹತ್ತಿಯಲ್ಲಿ ಅದ್ದಿ ಈ ಲೋಷನ್ ಒತ್ತಿದರೆ ತಕ್ಷಣ ತಣ್ಣಗಾಗುತ್ತದೆ. ಅದಕ್ಕೆ ಕಾರಣ ಸರಳ. ಲೋಷನ್ನಿನಲ್ಲಿ ಹೆಚ್ಚಿನ ಪಾಲು ನೀರು. ಪುಡಿ ಆ ನೀರನ್ನು ಚರ್ಮದ ಮೇಲೆ ತೆಳ್ಳಗೆ ಹರಡಿ ಹಿಡಿಯುತ್ತದೆ. ನೀರು ಆರುವಾಗ ಮೈಯ ಬಿಸಿ ತೆಗೆದುಕೊಂಡು ಹೋಗುತ್ತದೆ, ಮಣ್ಣಿನ ಕೊಡದಲ್ಲಿ ನೀರು ತಣ್ಣಗಾಗುವ ಹಾಗೆಯೇ. ನಮ್ಮ ಒಣ ಬಿಸಿಲಿನಲ್ಲಿ ಇದು ಬೇಗ ಆರುತ್ತದೆ, ಅದಕ್ಕೇ ಇಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಮಳೆಗಾಲದಲ್ಲಿ ಅಷ್ಟು ತಂಪು ಅನಿಸುವುದಿಲ್ಲ, ಹಚ್ಚಿದ್ದು ಸುಮಾರು ಹೊತ್ತು ಹಸಿಯಾಗಿಯೇ ಇರುತ್ತದೆ.

ನೀರು ಬಿಟ್ಟರೆ ಒಳಗೇನಿದೆ? ಮುಖ್ಯವಾಗಿ ಸತುವಿನ ಆಕ್ಸೈಡ್. ಅದಕ್ಕೆ ಚೂರು ಕಬ್ಬಿಣದ ಆಕ್ಸೈಡ್ ಸೇರಿಸಿದ ಪುಡಿಗೇ ಕ್ಯಾಲಮೈನ್ ಅನ್ನುವುದು. ಆ ಗುಲಾಬಿ ಬಣ್ಣ ಕಬ್ಬಿಣದ್ದು. ಬ್ರಿಟಿಷ್ ಔಷಧ ಸಂಹಿತೆಯ ಹಳೆಯ ಸೂತ್ರದಲ್ಲಿ ಕ್ಯಾಲಮೈನ್ ಶೇಕಡಾ 15, ಸತುವಿನ ಆಕ್ಸೈಡ್ ಶೇಕಡಾ 5. ಜೊತೆಗೆ ಪುಡಿ ತಳಕ್ಕೆ ಗಟ್ಟಿ ಕೂರದಂತೆ ಬೆಂಟೊನೈಟ್ ಜೇಡಿ, ಚರ್ಮ ತೀರಾ ಒಣಗದಂತೆ ಗ್ಲಿಸರಿನ್, ಸ್ವಲ್ಪವೇ ಸ್ವಲ್ಪ ಫಿನಾಲ್. ಆ ಆಸ್ಪತ್ರೆ ವಾಸನೆ ಫಿನಾಲ್‌ನದು. ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿ ತುರಿಕೆಯ ವಿಭಾಗದಲ್ಲಿ ಇದರ ಹೆಸರಿದೆ. ಇಷ್ಟು ಅಗ್ಗದ ವಸ್ತು ಆ ಪಟ್ಟಿಯಲ್ಲಿರುವುದು ನನಗೆ ಖುಷಿಯ ವಿಷಯ.

ಇದರ ನಿಜವಾದ ಬೆಲೆ ಗೊತ್ತಾದದ್ದು ಮಗನಿಗೆ ಸೀತಾಳ ಸಿಡುಬು, ಅಂದರೆ ಚಿಕನ್‌ಪಾಕ್ಸ್, ಎದ್ದಾಗ. ನಮ್ಮ ಕಡೆ ಇದಕ್ಕೆ ಅಮ್ಮ ಬಂದಾಳ ಅಂತಾರೆ. ಔಷಧಿ ಕೊಡಬಾರದು, ಬೇವಿನ ಎಲೆ ಹಾಸಿ ಮಲಗಿಸಬೇಕು, ಅಷ್ಟೇ. ಅತ್ತೆಯ ನಂಬಿಕೆ ಅದು, ನಾನು ಎದುರು ಮಾತಾಡಲಿಲ್ಲ. ಬೇವಿನ ಎಲೆಯೂ ಇರಲಿ, ಡಾಕ್ಟರ್ ಹೇಳಿದ್ದೂ ನಡೆಯಲಿ ಅಂದೆ. "ಹೊಟ್ಟ್ಯಾಗ ಹೋಗೂದಲ್ಲ ಅತ್ತಿ, ಮ್ಯಾಲ ಹಚ್ಚೂದು" ಅಂದ ಮೇಲೆ ಸುಮ್ಮನಾದರು. ಡಾಕ್ಟರ್ ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ ಕೊಡಿ ಅಂದಿದ್ದರು. ಸಿಡುಬಿನಲ್ಲಿ ಮಕ್ಕಳಿಗೆ ಆಸ್ಪಿರಿನ್ ಕೊಡಲೇಬಾರದು, ಯಕೃತ್ತು ಮತ್ತು ಮೆದುಳಿಗೆ ಪೆಟ್ಟು ಕೊಡುವ ರೇ ಸಿಂಡ್ರೋಮ್ ಬರುವ ಅಪಾಯ ಇದೆ. ಐಬುಪ್ರೊಫೆನ್ ಕೂಡ ಬೇಡ. ಇದನ್ನು ಇಲ್ಲಿ ಬರೆಯುತ್ತಿರುವುದು ಏಕೆಂದರೆ ಲೋಷನ್ ತರಲು ಹೋದವರು ಜ್ವರದ ಮಾತ್ರೆಯನ್ನೂ ಅಲ್ಲೇ ಕೇಳಿ ತರುತ್ತಾರೆ.

ಸಿಡುಬಿನಲ್ಲಿ ಹಿಂಸೆ ಕೊಡುವುದು ತುರಿಕೆ. ತುರಿಸಿದರೆ ಗುಳ್ಳೆ ಒಡೆಯುತ್ತದೆ, ಕೀವು ಆಗುತ್ತದೆ, ಕಲೆ ಉಳಿಯುತ್ತದೆ. ಮಗನ ಉಗುರು ಚಿಕ್ಕದಾಗಿ ಕತ್ತರಿಸಿದೆ. ಹತ್ತಿಯಲ್ಲಿ ಅದ್ದಿ ಒಂದೊಂದೇ ಗುಳ್ಳೆಯ ಮೇಲೆ ಒತ್ತಿದೆ, ಉಜ್ಜಲಿಲ್ಲ. ಒಂದು ನಿಮಿಷದಲ್ಲಿ ಆರಿ ಗುಲಾಬಿ ಚುಕ್ಕೆ ಕೂರುತ್ತದೆ. ಅಂಚು ಬೆಳ್ಳಗೆ ಬಿರಿದು ಸಣ್ಣಗೆ ಸುಲಿಯತೊಡಗಿದರೆ ತಂಪು ಮುಗಿಯಿತು ಅಂತ ಅರ್ಥ. ಆಗ ಅದರ ಮೇಲೇ ಮತ್ತೆ ಹಚ್ಚಿದರೆ ಪದರ ದಪ್ಪಗಾಗಿ ಚರ್ಮ ಎಳೆದಂತಾಗುತ್ತದೆ. ಉಗುರು ಬೆಚ್ಚಗಿನ ನೀರಿನಲ್ಲಿ ಬಟ್ಟೆ ಅದ್ದಿ ಒರೆಸಿ, ಆಮೇಲೆ ಹೊಸದಾಗಿ ಹಚ್ಚಿ. ರಾತ್ರಿ ಮಲಗುವ ಮುಂಚೆ ಹಚ್ಚಿದರೆ ಮಗು ನಿದ್ದೆ ಹೋಗುವಷ್ಟು ಹೊತ್ತು ಸಿಗುತ್ತದೆ. ನನಗೆ ಅಷ್ಟು ಸಾಕಾಗಿತ್ತು. ಕಣ್ಣಿನ ಸುತ್ತ, ಬಾಯಿಯೊಳಗೆ ಎದ್ದ ಗುಳ್ಳೆಗೆ ಮಾತ್ರ ಬೇಡ.

ಒಂದು ಎಚ್ಚರಿಕೆ. ಕೆಲವು ಕ್ಯಾಲಮೈನ್ ಬಾಟಲಿಗಳಲ್ಲಿ ಡೈಫೆನ್‌ಹೈಡ್ರಮಿನ್ ಅನ್ನುವ ಅಲರ್ಜಿ ಔಷಧಿ ಬೆರೆಸಿರುತ್ತಾರೆ. ಮೈತುಂಬ ಗುಳ್ಳೆ ಇರುವ ಮಗುವಿಗೆ ಅದನ್ನು ಬಳಿದರೆ ಔಷಧಿ ಚರ್ಮದಿಂದ ರಕ್ತಕ್ಕೆ ಸೇರಿ ಮಗು ಗಾಬರಿಯಾಗಿ ಏನೇನೋ ಬಡಬಡಿಸುವುದು ಉಂಟು. ಸಿಡುಬಿಗೆ ಬರೀ ಕ್ಯಾಲಮೈನ್ ಇರುವುದನ್ನೇ ಕೇಳಿ ತನ್ನಿ.

ಆಮೇಲೆ ಬಂದದ್ದು ಅತ್ತೆಯ ಸರ್ಪಸುತ್ತು. ಸೊಂಟದ ಬಲಗಡೆ ಮೊದಲು ಬರೀ ನೋವು, ಆಮೇಲೆ ಪಟ್ಟಿಯಾಗಿ ಗುಳ್ಳೆ. ಓಣಿಯ ಹಿರಿಯರು ಬಂದು ಕೆಮ್ಮಣ್ಣು ಹಚ್ಚಿ ಅಂದರು. ಹಾವಿನ ತಲೆ ಬಾಲ ಕೂಡಿದರೆ ಜೀವಕ್ಕೇ ಕುತ್ತು ಅಂತಲೂ ಹೆದರಿಸಿದರು. ಅತ್ತೆ ಪ್ರತಿದಿನ ಬೆಳಿಗ್ಗೆ ಕನ್ನಡಿಯಲ್ಲಿ ನೋಡಿಕೊಳ್ಳುವುದೇ ಆಯಿತು, ಎಲ್ಲಿವರೆಗೆ ಬಂತು ಅಂತ. ಡಾಕ್ಟರ್ ಸಮಾಧಾನವಾಗಿ ತಿಳಿಸಿದರು. ಸಣ್ಣವರಿದ್ದಾಗ ಬಂದ ಸೀತಾಳ ಸಿಡುಬಿನ ವೈರಸ್ಸೇ ಬೆನ್ನುಹುರಿಯ ಪಕ್ಕದ ನರದ ಗಂಟುಗಳಲ್ಲಿ ಅಡಗಿದ್ದು, ವಯಸ್ಸಾದ ಮೇಲೆ ಎದ್ದು ಬರುತ್ತದೆ. ಒಂದು ನರದ ದಾರಿ ಹಿಡಿದು ಬರುವುದರಿಂದ ಸಾಮಾನ್ಯವಾಗಿ ಮೈಯ ಒಂದೇ ಪಕ್ಕದಲ್ಲಿ ನಿಲ್ಲುತ್ತದೆ. ಸುತ್ತು ಹಾಕಿ ಕೂಡಿಕೊಳ್ಳುವ ಮಾತೇ ಅಪರೂಪ. ಆ ದಿನ ಅತ್ತೆ ಹೊಟ್ಟೆ ತುಂಬ ರೊಟ್ಟಿ ತಿಂದರು. ಕೆಮ್ಮಣ್ಣಿನ ಕೆಂಪೂ ಕಬ್ಬಿಣದ ಆಕ್ಸೈಡೇ, ಲೋಷನ್ನಿನ ಗುಲಾಬಿಯೂ ಅದೇ. ಹಿರಿಯರ ಅನುಭವದಲ್ಲಿ ತಂಪು ಅನ್ನುವುದು ನಿಜವಿರಬಹುದು. ಆದರೆ ಒಡೆದ ಗುಳ್ಳೆಗೆ ನೆಲದ ಮಣ್ಣು ಬೇಡ, ನಂಜಾಗುತ್ತದೆ.

ಇಲ್ಲಿ ಲೋಷನ್ನಿನ ಮಿತಿ ಚೆನ್ನಾಗಿ ಕಂಡಿತು. ಹಚ್ಚಿದ ಸ್ವಲ್ಪ ಹೊತ್ತಿಗೆ ಅತ್ತೆ ಹೇಳಿದ್ದು ಇದು: "ಮ್ಯಾಲ ತಣ್ಣಗ ಆಗ್ಯಾದ ಯವ್ವಾ, ಒಳಗ ಚುಚ್ಚಲತ್ತದ." ಮೇಲಿನ ತುರಿಕೆ, ಉರಿಗೆ ಲೋಷನ್. ಒಳಗಿನ ನರದ ನೋವು ಇದಕ್ಕೆ ಎಟುಕುವುದಿಲ್ಲ, ಅದಕ್ಕೆ ಬೇರೆ ಮಾತ್ರೆ ಬೇಕು. ವೈರಸ್ಸಿಗೆ ಏಸೈಕ್ಲೊವಿರ್ ಜಾತಿಯ ಮಾತ್ರೆ ಬೇಕು. ಅದನ್ನು ಗುಳ್ಳೆ ಎದ್ದ 72 ಗಂಟೆಯೊಳಗೆ ಶುರು ಮಾಡಿದರೆ ಗುಣ ಹೆಚ್ಚು. ಈ ಔಷಧಿಯ ಹಿಂದೆ ಅಮೆರಿಕದ ವಿಜ್ಞಾನಿ ಗರ್ಟ್ರೂಡ್ ಎಲಿಯನ್ ಅವರ ತಂಡದ ದುಡಿಮೆ ಇದೆ. 1988ರಲ್ಲಿ ಅವರಿಗೆ ನೊಬೆಲ್ ಬಂತು. ವೈರಸ್ಸಿನದೇ ಕಿಣ್ವ ಈ ಔಷಧಿಯನ್ನು ಚುರುಕು ಮಾಡುತ್ತದೆ, ಅದಕ್ಕೇ ವೈರಸ್ ಹೊಕ್ಕ ಕೋಶದಲ್ಲಿ ಮಾತ್ರ ಅದು ಜೋರಾಗಿ ಕೆಲಸ ಮಾಡುತ್ತದೆ. ಎಂಥಾ ಬುದ್ಧಿವಂತಿಕೆ ಅಲ್ವಾ! ಮನೆಯಲ್ಲಿ ಲೋಷನ್ ಹಚ್ಚುತ್ತಾ ನಾಲ್ಕೈದು ದಿನ ಕಾದರೆ ಆ 72 ಗಂಟೆ ಕೈ ಜಾರುತ್ತದೆ. ಹಣೆ, ಮೂಗು, ಕಣ್ಣಿನ ಹತ್ತಿರ ಎದ್ದರೆ ಒಂದು ದಿನವೂ ಕಾಯಬೇಡಿ, ದೃಷ್ಟಿಗೇ ಅಪಾಯ. 50 ದಾಟಿದವರಿಗೆ ಸರ್ಪಸುತ್ತಿನ ಹೊಸ ಲಸಿಕೆ 2023ರಿಂದ ನಮ್ಮ ದೇಶದಲ್ಲೂ ಸಿಗುತ್ತಿದೆ. ಎರಡು ಡೋಸ್, ದುಬಾರಿಯೇ. ಆದರೂ ಮನೆಯ ಹಿರಿಯರ ಬಗ್ಗೆ ಡಾಕ್ಟರ್ ಹತ್ತಿರ ಕೇಳಿ ನೋಡಿ.

ಈಗ ನನಗೆ ನಿಜವಾಗಿ ಸಿಟ್ಟು ಬರುವ ವಿಷಯ. ಅತ್ತೆಯ ಗುಳ್ಳೆಯ ಬಗ್ಗೆ ಹೇಳಿ ಕ್ಯಾಲಮೈನ್ ಕೇಳಿದಾಗ ಒಂದು ಮೆಡಿಕಲ್‌ನವರು ಬೇರೆ ಟ್ಯೂಬ್ ಮುಂದಿಟ್ಟರು. "ಅದ್ರಿಂದ ಏನೂ ಆಗಂಗಿಲ್ಲ ಅಕ್ಕೋರೆ, ಇದು ಹಚ್ರಿ, ಎರಡ್ ದಿನದಾಗ ಕಮ್ಮಿ ಆಗ್ತದ." ತಿರುಗಿಸಿ ನೋಡಿದರೆ ಸ್ಟೀರಾಯ್ಡ್, ಶಿಲೀಂಧ್ರದ ಔಷಧಿ, ಆ್ಯಂಟಿಬಯೋಟಿಕ್, ಮೂರೂ ಒಂದರಲ್ಲೇ. ವೈರಸ್ಸಿನ ಗುಳ್ಳೆಗೆ ಸ್ಟೀರಾಯ್ಡ್ ಹಚ್ಚಿದರೆ ಆ ಜಾಗದ ರೋಗ ತಡೆಯುವ ಶಕ್ತಿಯೇ ಕುಗ್ಗುತ್ತದೆ. ಕೆಂಪು ಇಳಿಯುತ್ತದೆ, ರೋಗ ಇಳಿಯುವುದಿಲ್ಲ. ಹುಳಕಡ್ಡಿಗೆ ಇದೇ ಟ್ಯೂಬ್ ತಿಂಗಳುಗಟ್ಟಲೆ ತಿಕ್ಕಿ, ತೊಡೆಯೆಲ್ಲಾ ಹರಡಿಕೊಂಡು, ಚರ್ಮ ತೆಳ್ಳಗಾಗಿ ಗೆರೆ ಬಿದ್ದ ಹುಡುಗರನ್ನು ನಮ್ಮ ಓಣಿಯಲ್ಲೇ ನೋಡಿದ್ದೇನೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹಲವು ಸ್ಟೀರಾಯ್ಡ್ ಮುಲಾಮುಗಳನ್ನು ಶೆಡ್ಯೂಲ್ ಎಚ್‌ಗೆ ಸೇರಿಸಿತು. ಅಂದರೆ ಚೀಟಿ ಇಲ್ಲದೆ ಮಾರುವಂತಿಲ್ಲ. ಆದರೂ ಕೈಗೆ ಬರುತ್ತಲೇ ಇದೆ. ಆ ಟ್ಯೂಬಿನ ಪಕ್ಕದಲ್ಲಿ ಇಟ್ಟರೆ ಕ್ಯಾಲಮೈನ್ ನಿಧಾನ ಅನಿಸುತ್ತದೆ ನಿಜ. ಆದರೆ ಅದು ರೋಗವನ್ನು ಮುಚ್ಚಿಡುವುದಿಲ್ಲ. ಡಾಕ್ಟರ್ ನೋಡಿದಾಗ ಗುಳ್ಳೆ ಇದ್ದ ಹಾಗೆಯೇ ಕಾಣುತ್ತದೆ. ನಾನು ಇದನ್ನು ಮೆಚ್ಚುವುದು ಈ ಕಾರಣಕ್ಕೇ.

ಪಕ್ಕದ ಮನೆಯ ಹುಡುಗಿಗೆ ಮುತ್ತಿನಂಥ ಗುಳ್ಳೆ ಎದ್ದಿದ್ದವು, ನಡುವೆ ಸಣ್ಣ ಗುಳಿ. ಮೊಲಸ್ಕಮ್ ಅಂದರು, ಅದೂ ವೈರಸ್ಸೇ. ತಾನಾಗಿ ಹೋಗಲು ತಿಂಗಳುಗಳು ಬೇಕು, ಟವೆಲ್ ಬೇರೆ ಇಡಬೇಕು. ಅಲ್ಲಿ ಲೋಷನ್ ತುರಿಕೆಗೆ ಅಷ್ಟಿಷ್ಟು ಆಯಿತು, ಅಷ್ಟೇ. ತುಟಿಯ ಮೇಲಿನ ಜ್ವರದ ಗುಳ್ಳೆಗೆ ಇದು ಸರಿಯಲ್ಲ.

ಕೊಳ್ಳುವಾಗ ಲೇಬಲ್ ಓದಿ. ಮುಖದ ಎಣ್ಣೆ ಜಿಡ್ಡಿಗೆ ಅಂತ ಮಾರುವ, ಹೆಸರಲ್ಲಿ ಕ್ಯಾಲಮೈನ್ ಇರುವ ಸೌಂದರ್ಯ ಲೋಷನ್‌ಗಳೇ ಬೇರೆ. ಮೆಡಿಕಲ್‌ನಲ್ಲೂ ಶೇಕಡಾ 8 ಕ್ಯಾಲಮೈನ್, ಜೊತೆಗೆ ಪ್ಯಾರಾಫಿನ್ ಎಣ್ಣೆ ಇರುವುದು ಸಿಗುತ್ತದೆ. ಒಣ ಚರ್ಮಕ್ಕೆ ಅದು ಹಿತ, ಚಳಿಗಾಲದಲ್ಲಿ ಅತ್ತೆಗೆ ಅದೇ ತರುತ್ತೇನೆ. ಬೆವರುಸಾಲೆಗೆ, ಸಿಡುಬಿಗೆ ನನಗೆ ನೀರಿನಂಥ ಹಳೆಯದೇ ಇಷ್ಟ. ಕಪ್ಪು ಬಟ್ಟೆಗೆ ತಾಗಿದರೆ ಬಿಳಿಚಿಕೊಂಡ ಕಲೆ ಕಾಣುತ್ತದೆ, ತೊಳೆದರೆ ಹೋಗುತ್ತದೆ.

ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದು ಕಳೆದದ್ದು ಔಷಧಿಗಲ್ಲ, ಬಾಟಲಿಗೆ. ಕೆಲವು ದಿನ ಇಟ್ಟರೆ ಪುಡಿ ತಳ ಹಿಡಿದು ಮೇಲೆ ತಿಳಿ ನೀರು ನಿಲ್ಲುತ್ತದೆ. ಅಲ್ಲಾಡಿಸದೆ ಹಚ್ಚಿದರೆ ಬರೀ ನೀರು ಹಚ್ಚಿದಂತೆ. ಆ ಮಾತು ಲೇಬಲ್ಲಿನಲ್ಲಿ ಇರುವೆಯಂಥ ಇಂಗ್ಲಿಷ್ ಅಕ್ಷರದಲ್ಲಿದೆ. ಅತ್ತೆಗೆ ಹೇಗೆ ಗೊತ್ತಾಗಬೇಕು? ಬಣ್ಣವೋ ಮಕ್ಕಳ ಸಿರಪ್ಪಿನದೇ. ಹಾಗಾಗಿ ಹೊಸ ಬಾಟಲಿ ತಂದ ಕೂಡಲೇ ಮೇಲೊಂದು ಚೀಟಿ ಅಂಟಿಸಿ, ಮಕ್ಕಳ ಕೈಗೆ ಸಿಗದ ಕಡೆ ಇಡುತ್ತೇನೆ. ಚೀಟಿಯಲ್ಲಿ ದಪ್ಪ ಅಕ್ಷರದಲ್ಲಿ ಬರೆಯುವುದು ಇಷ್ಟೇ: ಅಲ್ಲಾಡಿಸಿ ಹಚ್ಚಬೇಕು. ಕಣ್ಣಿಗೆ, ಬಾಯಿಗೆ ಬೇಡ. ಕುಡಿಯುವುದಲ್ಲ. ತಯಾರಿಸುವವರೇ ಇದನ್ನು ಕನ್ನಡದಲ್ಲಿ ಅಚ್ಚು ಹಾಕಿಸಿದರೆ ಐದಕ್ಕೆ ಐದೂ ಕೊಡುತ್ತೇನೆ.