ಪಿಎಫ್ ಪೋರ್ಟಲ್ ವಿಮರ್ಶೆ: ಕಳ್ಳತನ ತೋರಿಸುತ್ತದೆ, ವಸೂಲಿಯಲ್ಲಿ ಸೋಲುತ್ತದೆ

ಸಂಬಳದ ಚೀಟಿಯಲ್ಲಿ ತಿಂಗಳು ತಿಂಗಳೂ ಪಿಎಫ್ ಕಡಿತ ಬಿದ್ದಿರುತ್ತದೆ, ಖಾತೆಗೆ ಮಾತ್ರ ಒಂದು ಪೈಸೆಯೂ ಹೋಗಿರುವುದಿಲ್ಲ. ಗಾರ್ಮೆಂಟ್ಸ್, ಹೌಸ್‌ಕೀಪಿಂಗ್, ಸೆಕ್ಯುರಿಟಿ ಗುತ್ತಿಗೆ, ಸಣ್ಣ ಖಾಸಗಿ ಶಾಲೆ, ಸ್ಟಾರ್ಟಪ್ ಎಲ್ಲ ಕಡೆಯೂ ಕಾಣಸಿಗುವ ಅನ್ಯಾಯ ಇದು. ಇದನ್ನು ಹಿಡಿಯಲು ಕೆಲಸಗಾರರ ಕೈಯಲ್ಲಿರುವ ಮುಖ್ಯ ಸಾಧನ ಕೇಂದ್ರ ಸರ್ಕಾರದ ಭವಿಷ್ಯ ನಿಧಿ ಸಂಘಟನೆಯಾದ ಇಪಿಎಫ್‌ಒ ನಡೆಸುವ ಮೆಂಬರ್ ಪೋರ್ಟಲ್. ಮಾಲೀಕರು ಕೈಕೊಟ್ಟಾಗ ಅದು ಎಷ್ಟರಮಟ್ಟಿಗೆ ನೆರವಿಗೆ ಬರುತ್ತದೆ ಎಂಬುದಷ್ಟೇ ಇಲ್ಲಿನ ವಿಚಾರ. ಮೋಸ ಪತ್ತೆ ಹಚ್ಚುವುದಕ್ಕೆ ಐದರಲ್ಲಿ ನಾಲ್ಕೂವರೆ ಅಂಕ ಕೊಡಬಹುದು. ದುಡ್ಡು ಕಟ್ಟಿಸುವುದಕ್ಕೆ ಎರಡರ ಮೇಲೆ ಕೊಡಲಾಗದು.

ಮೊದಲು ಪಾಸ್‌ಬುಕ್. ಪ್ರತಿ ಪಿಎಫ್ ಸದಸ್ಯರಿಗೂ ಕೊಡುವ 12 ಅಂಕಿಯ ಯುಎಎನ್ ಸಂಖ್ಯೆ ಹಾಕಿ ಒಳಹೊಕ್ಕರೆ ಪ್ರತಿ ತಿಂಗಳ ಲೆಕ್ಕ ಕಾಣುತ್ತದೆ. ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ 13,000 ರೂಪಾಯಿ ಎಂದುಕೊಳ್ಳಿ. ಕೆಲಸಗಾರರ ಪಾಲು ಶೇ. 12, ಅಂದರೆ 1,560. ಮಾಲೀಕರ ಪಾಲೂ ಅಷ್ಟೇ, ಆದರೆ ಅದು ಎರಡಾಗಿ ಒಡೆಯುತ್ತದೆ: ಶೇ. 8.33ರಂತೆ 1,083 ರೂಪಾಯಿ ಪಿಂಚಣಿಗೆ, ಉಳಿದ 477 ಪಿಎಫ್‌ಗೆ. ಮಾಲೀಕರ ಕಾಲಂನಲ್ಲಿ 477 ಮಾತ್ರ ಕಂಡು ಮೋಸ ಹೋದೆವೆಂದು ಗಾಬರಿಯಾಗುವವರು ಬಹಳ. ಪಿಂಚಣಿ ಕಾಲಂ ಕೂಡಿಸಿ ನೋಡಿದರೆ ಲೆಕ್ಕ ಸರಿಹೋಗುತ್ತದೆ. ಇನ್ನೊಂದು ಗೊಂದಲ ತಿಂಗಳಿನದು. ಮಾರ್ಚ್ ಸಂಬಳದ ಪಿಎಫ್ ಅನ್ನು ಏಪ್ರಿಲ್ 15ರೊಳಗೆ ಕಟ್ಟಬೇಕು, ಹಾಗಾಗಿ ವಿವರದ ಸಾಲಿನಲ್ಲಿ ಡ್ಯೂ ಮಂತ್ (ಕಟ್ಟಬೇಕಾದ ತಿಂಗಳು) ಏಪ್ರಿಲ್ ಎಂದಿರುತ್ತದೆ. ಏಪ್ರಿಲ್ ಕೊನೆಗೂ ಆ ಸಾಲು ಬರದಿದ್ದರೆ ಆಗ ಕೇಳಬೇಕು.

ಪಾಸ್‌ಬುಕ್ಕಿನ ಕಣ್ಣಿಗೆ ಬೀಳದ ಮೋಸವೂ ಇದೆ. ಕೆಲವರು ಮಾಲೀಕರ ಪಾಲನ್ನೂ ಕೆಲಸಗಾರರ ಸಂಬಳದಿಂದಲೇ ಮುರಿದುಕೊಳ್ಳುತ್ತಾರೆ. 1,560ರ ಬದಲು 3,120 ಕಡಿತವಾಗಿರುತ್ತದೆ, ಪಾಸ್‌ಬುಕ್ ಮಾತ್ರ ಅಚ್ಚುಕಟ್ಟು. ಯಾವ ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡಿದ್ದರೂ ಹೀಗೆ ಕಡಿಯುವಂತಿಲ್ಲ ಎಂದು 1952ರ ಪಿಎಫ್ ಯೋಜನೆಯ 31ನೇ ಪರಿಚ್ಛೇದ ಸ್ಪಷ್ಟವಾಗಿ ಹೇಳಿತ್ತು. ಇದನ್ನು ಹಿಡಿಯಲು ಸಂಬಳದ ಚೀಟಿಯನ್ನು ಪಾಸ್‌ಬುಕ್ ಪಕ್ಕ ಇಟ್ಟುಕೊಳ್ಳಲೇಬೇಕು. ಪಿಎಫ್ ವೇತನದ, ಅಂದರೆ ಪಿಎಫ್ ಲೆಕ್ಕಕ್ಕೆ ಹಿಡಿದ ಸಂಬಳದ ಕಾಲಮನ್ನೂ ನೋಡಿ. ಕೈಗೆ 22,000 ಬರುವವರ ಪಿಎಫ್ ವೇತನ 7,000 ಎಂದಿದ್ದರೆ, ಉಳಿದದ್ದನ್ನು ಯಾವ ಭತ್ಯೆಯ ಹೆಸರಲ್ಲಿ ಕೊಡುತ್ತಿದ್ದಾರೆ ಎಂದು ಕೇಳಬೇಕು. ಎಲ್ಲರಿಗೂ ಒಂದೇ ಸಮನೆ ಕೊಡುವ ವಿಶೇಷ ಭತ್ಯೆ ಮೂಲ ವೇತನಕ್ಕೆ ಸೇರುತ್ತದೆ ಎಂದು ಸುಪ್ರೀಂ ಕೋರ್ಟ್ 2019ರ ಫೆಬ್ರವರಿಯಲ್ಲೇ ತೀರ್ಪು ಕೊಟ್ಟಿದೆ.

ಈ ಸೇವೆಯಲ್ಲಿ ಎಲ್ಲಕ್ಕಿಂತ ಉಪಯುಕ್ತವಾದದ್ದು ಹೆಚ್ಚಿನವರಿಗೆ ಗೊತ್ತೇ ಇಲ್ಲ: ಇಪಿಎಫ್‌ಒ ಜಾಲತಾಣದ ಎಸ್ಟಾಬ್ಲಿಷ್‌ಮೆಂಟ್ ಸರ್ಚ್. ಲಾಗಿನ್ ಬೇಡ, ಮಾಲೀಕರ ಅಪ್ಪಣೆಯೂ ಬೇಡ. ಸಂಸ್ಥೆಯ ಹೆಸರು ಅಥವಾ ಕೋಡ್ ಹಾಕಿ, ಪೇಮೆಂಟ್ ಡೀಟೇಲ್ಸ್ ಒತ್ತಿದರೆ ಯಾವ ತಿಂಗಳ ಬಾಬ್ತು, ಯಾವ ದಿನ, ಎಷ್ಟು ಹಣ, ಎಷ್ಟು ಜನರಿಗೆ ಕಟ್ಟಿದ್ದಾರೆ ಎಲ್ಲವೂ ತೆರೆದುಕೊಳ್ಳುತ್ತದೆ. ಆ ತಿಂಗಳು ಯಾರಿಗೂ ಕಟ್ಟಿಲ್ಲದಿದ್ದರೆ ಅದು ಇಡೀ ಸಂಸ್ಥೆಯ ಬಾಕಿ. ಆಗ ಒಬ್ಬರೇ ಹೋಗುವುದಕ್ಕಿಂತ ಹತ್ತು ಜನ ಸೇರಿ ದೂರು ಕೊಡುವುದು ಮೇಲು. ಉಳಿದವರಿಗೆ ಕಟ್ಟಿ ನಿಮ್ಮನ್ನು ಮಾತ್ರ ಬಿಟ್ಟಿದ್ದರೆ ನೀವು ಅಲ್ಲಿ ಕೆಲಸ ಮಾಡಿದ್ದಕ್ಕೆ ಪುರಾವೆ ಬೇಕಾಗುತ್ತದೆ. 80 ಜನ ದುಡಿಯುವ ಕಡೆ 19 ಜನರ ಲೆಕ್ಕ ಕಂಡರೆ ಆ ಪುಟವನ್ನು ಅಂದೇ ಪ್ರಿಂಟ್ ಮಾಡಿಟ್ಟುಕೊಳ್ಳಿ.

ಗುತ್ತಿಗೆ ಕೆಲಸದವರು ಇಲ್ಲಿ ಇನ್ನೂ ಎಚ್ಚರವಾಗಿರಬೇಕು. ಕಂಟ್ರಾಕ್ಟರ್ ಬದಲಾದಾಗಲೆಲ್ಲ ಹೊಸ ಯುಎಎನ್ ಮಾಡಿಸುವುದು ಕೆಟ್ಟ ಚಾಳಿ. ಮೂರು ಯುಎಎನ್ ಆದರೆ ಸೇವಾವಧಿ ಮೂರು ಚೂರಾದಂತೆ, ಪಿಂಚಣಿಗೆ ಬೇಕಾದ 10 ವರ್ಷ ಕೂಡುವುದೇ ಕಷ್ಟ. ಕೆಲಸಕ್ಕೆ ಸೇರುವಾಗಲೇ ಹಳೆಯ ಸಂಖ್ಯೆಯನ್ನು ಬರೆದುಕೊಡಿ. ಕಂಟ್ರಾಕ್ಟರ್ ಪರಾರಿಯಾದರೆ ಎಲ್ಲ ಮುಗಿಯಿತೆಂದು ಕೈಚೆಲ್ಲಬೇಡಿ. ಗುತ್ತಿಗೆ ಕೊಟ್ಟ ಮೂಲ ಸಂಸ್ಥೆಯೂ ಆ ಪಿಎಫ್‌ಗೆ ಹೊಣೆ. ದೂರಿನಲ್ಲಿ ಎರಡೂ ಹೆಸರು ಇರಲಿ.

ಇನ್ನು ಕೆಲಸ ಬಿಟ್ಟ ಮೇಲಿನ ಕಾಟ. ನಿರ್ಗಮನದ ದಿನಾಂಕ ತುಂಬದೆ ಸತಾಯಿಸುವುದು ಮಾಲೀಕರ ಹಳೆಯ ಅಸ್ತ್ರ. ಆ ದಿನಾಂಕ ಇಲ್ಲದಿದ್ದರೆ ಅಂತಿಮ ಹಣದ ಫಾರಂ 19, ಪಿಂಚಣಿ ಹಣದ 10ಸಿ ಎರಡೂ ಮುಂದೆ ಹೋಗುವುದಿಲ್ಲ. ಪೋರ್ಟಲ್ ಈ ಅಸ್ತ್ರವನ್ನು ಕಿತ್ತುಕೊಂಡಿದೆ, ಅದನ್ನು ಮನಸಾರೆ ಮೆಚ್ಚಬೇಕು. ಕೊನೆಯ ವಂತಿಗೆ ಜಮೆಯಾಗಿ ಎರಡು ತಿಂಗಳು ಕಳೆದ ಮೇಲೆ ಮ್ಯಾನೇಜ್ ಮೆನುವಿನ ಮಾರ್ಕ್ ಎಕ್ಸಿಟ್‌ಗೆ ಹೋಗಿ, ಸಂಸ್ಥೆ ಆರಿಸಿ, ದಿನಾಂಕ ಮತ್ತು ಕಾರಣ ಹಾಕಿ, ಆಧಾರ್ ಒಟಿಪಿ ಕೊಟ್ಟರೆ ಕೆಲಸಗಾರರೇ ಮುಗಿಸಬಹುದು.

ಅಪಾಯ ಇರುವುದೂ ಅಲ್ಲೇ. ಪೋರ್ಟಲ್ ಒಪ್ಪುವುದು ಕೊನೆಯ ವಂತಿಗೆ ಬಿದ್ದ ತಿಂಗಳೊಳಗಿನ ದಿನಾಂಕವನ್ನು ಮಾತ್ರ. ನೀವು ಜೂನ್‌ವರೆಗೆ ದುಡಿದಿದ್ದೀರಿ, ಮಾಲೀಕರು ಮಾರ್ಚ್‌ವರೆಗೆ ಮಾತ್ರ ಕಟ್ಟಿದ್ದಾರೆ ಎನ್ನೋಣ. ಆತುರಪಟ್ಟು ಮಾರ್ಚ್ 31 ಎಂದು ತುಂಬಿದರೆ ಏಪ್ರಿಲ್, ಮೇ, ಜೂನ್‌ನಲ್ಲಿ ನೀವು ಅಲ್ಲಿ ಇರಲೇ ಇಲ್ಲ ಎಂದು ನಿಮ್ಮ ಕೈಯಾರೆ ಬರೆದುಕೊಟ್ಟಂತೆ. ಒಮ್ಮೆ ತುಂಬಿದ್ದನ್ನು ಅಲ್ಲೇ ಅಳಿಸಲು ಬರುವುದಿಲ್ಲ. ಆದ್ದರಿಂದ ಮೊದಲು ಬಾಕಿಯ ದೂರು, ಆಮೇಲೆ ಎಕ್ಸಿಟ್. ಈ ಎಚ್ಚರಿಕೆಯನ್ನು ಪುಟದ ಮೇಲೆ ದೊಡ್ಡದಾಗಿ ಹಾಕದಿರುವುದು ಈ ಸೇವೆಯ ದೊಡ್ಡ ತಪ್ಪು.

ಬ್ಯಾಂಕ್ ವಿವರಕ್ಕೆ ಮಾಲೀಕರ ಒಪ್ಪಿಗೆ, ಚೆಕ್ ಹಾಳೆಯ ಫೋಟೊ ಇವೆರಡನ್ನೂ 2025ರ ಏಪ್ರಿಲ್‌ನಲ್ಲಿ ತೆಗೆದುಹಾಕಿದ್ದಾರೆ. ಎಚ್‌ಆರ್ ಬಾಗಿಲು ಕಾಯುವ ಒಂದು ಕೆಲಸ ಕಮ್ಮಿಯಾಯಿತು.

ದೂರಿನ ವ್ಯವಸ್ಥೆ ಇಪಿಎಫ್‌ಐಜಿಎಂಎಸ್‌ಗೆ ಬಂದರೆ ಹುಮ್ಮಸ್ಸು ಇಳಿಯುತ್ತದೆ. ನೋಂದಣಿ ಸುಲಭ: ಪಿಎಫ್ ಮೆಂಬರ್ ಆರಿಸಿ, ಯುಎಎನ್ ಹಾಕಿ, ಒಟಿಪಿ ಕೊಟ್ಟು, ಯಾವ ಪಿಎಫ್ ಖಾತೆಯ ಬಗ್ಗೆ ಎಂದು ಗುರುತಿಸಿ ಬರೆಯುವುದು. ತೊಂದರೆ ಶುರುವಾಗುವುದು ಉತ್ತರ ಬಂದಾಗ. ‘ನಿಮ್ಮ ಮಾಲೀಕರನ್ನು ಸಂಪರ್ಕಿಸಿ’ ಎಂಬ ಒಂದು ಸಾಲು ಬರೆದು ದೂರನ್ನು ಮುಚ್ಚಿಬಿಡುವುದುಂಟು. ಯಾರ ಮೇಲೆ ದೂರೋ ಅವರ ಬಳಿಗೇ ವಾಪಸ್ ಕಳಿಸುವುದು ಪರಿಹಾರವಲ್ಲ. ಕೆಲಸ ಬಿಟ್ಟವರನ್ನು ಗೇಟಿನೊಳಗೂ ಬಿಡದ ಕಡೆ ಈ ಉತ್ತರ ಹೊತ್ತು ಯಾರನ್ನು ಕಾಣಬೇಕು?

ಹೀಗೆ ಮುಚ್ಚಿಹೋಗುವುದನ್ನು ತಪ್ಪಿಸಲು ದೂರಿನ ಒಕ್ಕಣೆ ಮುಖ್ಯ. ‘ಪಿಎಫ್ ಹಾಕಿಲ್ಲ, ನ್ಯಾಯ ಕೊಡಿಸಿ’ ಎಂದಷ್ಟೇ ಬರೆದರೆ ಪ್ರಯೋಜನವಿಲ್ಲ. ಸಂಸ್ಥೆಯ ಕೋಡ್, ಸೇರಿದ ದಿನ, ಬಾಕಿ ತಿಂಗಳುಗಳ ಹೆಸರು, ತಿಂಗಳಿಗೆ ಕಡಿತವಾದ ಮೊತ್ತ ಬರೆಯಿರಿ. ಕಡಿತ ತೋರಿಸುವ ಸಂಬಳದ ಚೀಟಿ, ಸಂಬಳ ಬಿದ್ದ ಬ್ಯಾಂಕ್ ಸ್ಟೇಟ್‌ಮೆಂಟ್, ನೇಮಕಾತಿ ಪತ್ರ ಅಥವಾ ಗುರುತಿನ ಚೀಟಿ, ಖಾಲಿ ತಿಂಗಳು ಕಾಣುವ ಪಾಸ್‌ಬುಕ್ ಪುಟ, ಎಲ್ಲ ಸೇರಿಸಿ ಒಂದೇ ಪಿಡಿಎಫ್ ಮಾಡಿ ಲಗತ್ತಿಸಿ. ವಿಚಾರಣೆ ನಡೆಸಿ ಬಾಕಿ ನಿಗದಿ ಮಾಡುವ ಅಧಿಕಾರ ಪಿಎಫ್ ಕಚೇರಿಗೆ ಇದೆ, ಕಚೇರಿಯವರ ಮಾತಿನಲ್ಲಿ ಅದು 7ಎ ವಿಚಾರಣೆ. ಅದನ್ನು ನಡೆಸಿ ಎಂದು ದೂರಿನಲ್ಲೇ ಕೇಳಿ. ಕೆಲಸಗಾರರ ಸಂಬಳದಿಂದ ಕಡಿದ ಪಾಲನ್ನು ಕಟ್ಟದಿರುವುದು ಭಾರತೀಯ ನ್ಯಾಯ ಸಂಹಿತೆಯ 316ನೇ ಕಲಂ ಪ್ರಕಾರ ನಂಬಿಕೆ ದ್ರೋಹದ ಅಪರಾಧ ಎಂಬ ಒಂದು ಸಾಲೂ ಇರಲಿ. ಸುಮ್ಮನೆ ಮುಚ್ಚಿದರೆ ಅದೇ ದಾಖಲೆಗಳೊಂದಿಗೆ ಕೇಂದ್ರ ಸರ್ಕಾರದ ಸಾರ್ವಜನಿಕ ದೂರು ತಾಣವಾದ ಸಿಪಿಗ್ರಾಮ್ಸ್‌ಗೆ ಹಾಕಿ, ಹಳೆಯ ನೋಂದಣಿ ಸಂಖ್ಯೆ ನಮೂದಿಸಿ.

ಭಾಷೆಯ ವಿಚಾರದಲ್ಲಿ ಅಂಕ ಕಡಿಯದೆ ವಿಧಿಯಿಲ್ಲ. ನೋಂದಾಯಿತ ಮೊಬೈಲಿನಿಂದ 9966044425ಕ್ಕೆ ಮಿಸ್ಡ್ ಕಾಲ್ ಕೊಟ್ಟರೆ ಖಾತೆಯಲ್ಲಿರುವ ಮೊತ್ತ ಮತ್ತು ಕೊನೆಯ ವಂತಿಗೆ ಎಸ್ಸೆಮ್ಮೆಸ್ಸಿನಲ್ಲಿ ಬರುತ್ತದೆ, ಖರ್ಚಿಲ್ಲ. 7738299899ಕ್ಕೆ ಸಂದೇಶ ಕಳಿಸಿ ಕನ್ನಡದಲ್ಲೂ ಪಡೆಯಬಹುದು. ಆದರೆ ಕ್ಲೇಮ್ ಏಕೆ ತಿರಸ್ಕಾರವಾಯಿತು ಎಂಬ ಬಹಳ ಮುಖ್ಯವಾದ ಸಾಲು ಇಂಗ್ಲಿಷಿನಲ್ಲೇ ಇರುತ್ತದೆ. ಹೊಲಿಗೆ ಯಂತ್ರದ ಮುಂದೆ ದಿನವಿಡೀ ಕೂರುವ ಹೆಣ್ಣುಮಗಳು ಆ ಒಂದು ಸಾಲು ಓದಿಸಿಕೊಳ್ಳಲು ಸೈಬರ್ ಸೆಂಟರಿಗೆ ದುಡ್ಡು ತೆರಬೇಕು. 2016ರ ಏಪ್ರಿಲ್‌ನಲ್ಲಿ, ಮಾಲೀಕರ ಪಾಲನ್ನು 58 ವರ್ಷದವರೆಗೆ ತೆಗೆಯಕೂಡದು ಎಂಬ ನಿಯಮದ ವಿರುದ್ಧ ಹೊಸೂರು ರಸ್ತೆ, ತುಮಕೂರು ರಸ್ತೆಗಿಳಿದು ಎರಡೇ ದಿನದಲ್ಲಿ ಅದನ್ನು ವಾಪಸ್ ಪಡೆಯುವಂತೆ ಮಾಡಿದವರು ಇದೇ ಹೆಣ್ಣುಮಕ್ಕಳು. ಅವರ ಭಾಷೆಯಲ್ಲಿ ಒಂದು ಪುಟ ಕೊಡಲು ಇನ್ನೂ ಆಗಿಲ್ಲ.

ಪ್ರತಿ ತಿಂಗಳ 27ರಂದು ಜಿಲ್ಲೆಗಳಲ್ಲಿ ನಡೆಯುವ ‘ನಿಧಿ ಆಪ್ಕೆ ನಿಕಟ್’ ಶಿಬಿರದಲ್ಲಿ ಅಧಿಕಾರಿಗಳೇ ಎದುರು ಸಿಗುತ್ತಾರೆ. ಅಂದು ರಜೆ ಇದ್ದರೆ ಮುಂದಿನ ಕೆಲಸದ ದಿನ. ಆನ್‌ಲೈನ್ ದೂರು ಮುಚ್ಚಿಹೋಗಿದ್ದರೆ ಅದರ ಪ್ರತಿ ಮತ್ತು ಪೇಮೆಂಟ್ ಡೀಟೇಲ್ಸ್ ಪ್ರಿಂಟ್ ಹಿಡಿದು ಹೋಗಿ, ಕೊಟ್ಟ ಅರ್ಜಿಯ ಎರಡನೇ ಪ್ರತಿಗೆ ಸೀಲು ಹಾಕಿಸಿಕೊಂಡೇ ಎದ್ದು ಬನ್ನಿ.